ಚಪ್ಪಲಿ ಬಿಡುವ ಕಟ್ಟೆಯ ಮೇಲೊಂದು ದೀಪ

ಆಗ ನನಗೆ ಅರವತ್ತೆಂಟು, ಆಧಾರ ಕಾರ್ಡಿನ ಪ್ರಕಾರ. ನಿಜವಾದ ವಯಸ್ಸು ನನ್ನವ್ವನಿಗೆ ಗೊತ್ತಿತ್ತು, ಅವಳು ಹೇಳದೆ ಹೋದಳು. ಇದು ಮೂರು ವರ್ಷದ ಹಿಂದಿನ ಮಾತು. ನಾನು ಅಥಣಿಯವಳು, ಚಪ್ಪಲಿ ಹೊಲಿಯುವವಳು. ಓದಿದ್ದು ಎರಡನೆಯ ಇಯತ್ತೆ. ಅಕ್ಷರಕ್ಕೆ ಅಕ್ಷರ ಕೂಡಿಸಿ ಇದನ್ನು ಬರೆದಿದ್ದೇನೆ. ಅಕ್ಷರ ತಪ್ಪಿದ್ದರೆ ತಿದ್ದಿಕೊಳ್ಳಿ, ನಡೆದದ್ದನ್ನು ತಿದ್ದಬೇಡಿ.

ನನ್ನ ಮಗಳು ಮಾಲಾ ಚಿಕ್ಕೋಡಿಯಲ್ಲಿ ಡಿಪ್ಲೊಮಾ ಮಾಡಿದಳು, ಬೆಳಗಾವಿಯಲ್ಲಿ ಕರೆಂಟಿನ ಇಂಜಿನಿಯರ್ ಆದಳು, ಅಲ್ಲಿ ಇಲ್ಲಿ ದುಡಿದು ಕೊನೆಗೆ ಫಿನ್‌ಲ್ಯಾಂಡ್ ಎಂಬ ದೇಶ ಸೇರಿದಳು. ಅವಳ ಕಂಪನಿಯ ಕೆಲಸ ಒಂದೇ. ಅಣು ವಿದ್ಯುತ್ ಸ್ಥಾವರದಲ್ಲಿ ಕರೆಂಟು ಹೋದರೆ, ಬೆಂಕಿ ಬಿದ್ದರೆ, ಒಳಗಿನ ಜನ ಹೊರಗೆ ಬರಬೇಕಲ್ಲ, ಅದಕ್ಕೆ ಬೇಕಾದ ದೀಪ ಹಾಕುವುದು. ವರ್ಷಾನುಗಟ್ಟಲೆ ಯಾರೂ ಅದನ್ನು ತಲೆಯೆತ್ತಿ ನೋಡುವುದಿಲ್ಲ. ಬೇಕಾದ ದಿನ ಅದೊಂದೇ ಬೇಕು.

"ಅವ್ವಾ, ಒಂದ್ ತಿಂಗ್ಳ ಬಂದ್ ಹೋಗ" ಎಂದಳು. ಹೋದೆ.

ಮಿರಜ್ ದಾರಿ

ನನ್ನನ್ನು ಕಳಿಸಲು ರಾಯಬಾಗದಿಂದ ತಂಗಿ ಗಂಗವ್ವ ಬಂದಿದ್ದಳು. ಕಾಗವಾಡ ದಾಟುವವರೆಗೂ ಬಸ್ಸಿನಲ್ಲಿ ಒಂದೇ ಸಮನೆ ಅತ್ತಳು.

"ಅಣು ಬಾಂಬ್ ಮಾಡೂ ಊರಿಗಿ ಹೊಂಟಿ ನೋಡಬೇ, ಹೊಳ್ಳಿ ಬರ್ತೀಯೋ ಇಲ್ಲೋ."

"ಬಾಂಬ್ ಅಲ್ಲಬೇ, ಕರೆಂಟ್. ನಿಮ್ಮ ರಾಯಬಾಗದಾಗ ದಿನಾ ಹೋಗತೈತಲ್ಲ, ಅದು."

ಮುಂದಿನ ಸೀಟಿನವರು ನಕ್ಕರು. ಗಂಗವ್ವನೂ ಮೂಗು ಒರೆಸಿಕೊಂಡು ನಕ್ಕಳು. ಮಿರಜಿನಲ್ಲಿ ರೈಲು ಹತ್ತಿಸಿ ಒಂದು ಡಬ್ಬಿ ಶೇಂಗಾ ಹೋಳಿಗೆ ಕೊಟ್ಟಳು. ಆ ಹೋಳಿಗೆ ಮುಂಬಯಿ ಮುಟ್ಟಲಿಲ್ಲ.

ಮುಂಬಯಿ ವಿಮಾನ ನಿಲ್ದಾಣದಲ್ಲಿ ನನ್ನ ಚೀಲದೊಳಗೆ ಆರಿ ಸಿಕ್ಕಿತು. ಆರಿ ಎಂದರೆ ಚರ್ಮಕ್ಕೆ ತೂತು ಹಾಕುವ ಮೊನೆ. ಐವತ್ತು ವರ್ಷದಿಂದ ನನ್ನ ಕೈಯಲ್ಲಿರುವುದು, ಚೀಲದಲ್ಲಿ ಇದೆ ಎಂಬ ನೆನಪೇ ನನಗಿರಲಿಲ್ಲ. ಪೊಲೀಸ ಅದನ್ನು ಎತ್ತಿ ಹಿಡಿದ. "ಆಜಿ, ವಿಮಾನಾಲಾ ಭೋಕ್ ಪಾಡಣಾರ ಕಾಯ್?" ಎಂದ, ವಿಮಾನಕ್ಕೇ ತೂತು ಹಾಕುವವಳೇನು ಅಂತ. ನಾನೂ ಮರಾಠಿಯಲ್ಲೇ, ನಿನ್ನ ಬೂಟಿನ ಹೊಲಿಗೆ ಬಿಚ್ಚಿದೆ, ಕೊಡು ಹಾಕಿಕೊಡುತ್ತೇನೆ ಎಂದೆ. ಬಗ್ಗಿ ನೋಡಿಕೊಂಡ. ಬಿಚ್ಚಿತ್ತು. ಆದರೂ ಆರಿ ಕೊಡಲಿಲ್ಲ.

ಮೂರು ಗಂಟೆಗೆ ಹೊತ್ತು ಮುಳುಗುವ ಊರು

ಡಿಸೆಂಬರ್ ತಿಂಗಳು. ಅಲ್ಲಿ ಬೆಳಿಗ್ಗೆ ಒಂಬತ್ತಾದರೂ ಬೆಳಕಿಲ್ಲ, ಮಧ್ಯಾಹ್ನ ಮೂರು ದಾಟಿದರೆ ಕತ್ತಲೆ. ನಡುವೆ ಇದ್ದದ್ದನ್ನು ಅವರು ಹಗಲು ಎನ್ನುತ್ತಾರೆ. ನಮ್ಮಲ್ಲಿ ಎಮ್ಮೆ ಹಿಂಡುವ ಹೊತ್ತಿನ ಬೆಳಕು ಅದಕ್ಕಿಂತ ಹೆಚ್ಚು.

ಜನ ಒಳ್ಳೆಯವರು, ಮಾತಿಲ್ಲ. ಬಸ್ಸಿನಲ್ಲಿ ನಲವತ್ತು ಮಂದಿ ಇದ್ದರೂ ಸಾವಿನ ಮನೆಯ ಹಾಗೆ ಕೂತಿರುತ್ತಾರೆ. ನಾನು ಮೊದಲ ದಿನ ಪಕ್ಕದವಳಿಗೆ "ಯಾವೂರವ್ವಾ ನಿಮ್ದು" ಎಂದು ಕೇಳಿದೆ. ಭಾಷೆ ತಿಳಿಯದಿದ್ದರೆ ಏನಾಯಿತು, ನಗಬಹುದಿತ್ತು. ಅವಳು ಎದ್ದು ನಿಂತಳು, ನನಗೆ ಜಾಗ ಸಾಲದೇನೋ ಎಂದು.

ಒಂದು ಮಾತ್ರ ನಮ್ಮಂತೆಯೇ. ಬೂಟು ಬಿಟ್ಟೇ ಮನೆಯೊಳಗೆ ಬರುತ್ತಾರೆ. ಬಾಗಿಲ ಹತ್ತಿರ ಸಾಲಾಗಿ ಜೋಡಿಸುತ್ತಾರೆ, ಮೊಳೆ ಹೊಡೆದ ಹಾಗೆ. ಅವರ ಮೇಲೆ ನನಗೆ ಮರ್ಯಾದೆ ಹುಟ್ಟಿದ್ದು ಅಲ್ಲಿ.

ಮೂರನೆಯ ದಿನ ಸೀರೆ ಒಗೆದೆ. ಮಾಲಾ ಕೆಲಸಕ್ಕೆ ಹೋಗಿದ್ದಳು. ಬಚ್ಚಲಲ್ಲಿ ಹಾಕಲು ಜಾಗ ಇಲ್ಲ, ಹೊರಗೆ ಹಿಮ. ಮಹಡಿ ಮೆಟ್ಟಿಲಿನ ಕಟಕಟೆ ಬೆಚ್ಚಗಿತ್ತು. ಅಲ್ಲಿ ಹರಡಿದೆ, ಸೆರಗು ಉದ್ದವಾಯಿತು, ಬಾಗಿಲ ಮೇಲೆ ಉರಿಯುತ್ತಿದ್ದ ಹಸಿರು ಪೆಟ್ಟಿಗೆಯ ಮೇಲೆ ಎಸೆದೆ. ಸ್ವಲ್ಪ ಹೊತ್ತಿಗೆ ಮನೆಬಾಗಿಲ ಗಂಟೆ ಬಾರಿಸಿತು. ಎದುರು ಮನೆಯ ಐನೋ, ನನ್ನಷ್ಟೇ ವಯಸ್ಸಿನ ಮುದುಕಿ, ಸೀರೆಯನ್ನು ಹಪ್ಪಳದ ಹಾಗೆ ಚೊಕ್ಕಟ ಮಡಚಿ ಹಿಡಿದು ನಿಂತಿದ್ದಳು. ಪೆಟ್ಟಿಗೆಯನ್ನು ತೋರಿಸಿದಳು. ಅದರಲ್ಲಿ ಒಬ್ಬ ಬಿಳಿ ಮನುಷ್ಯ ಓಡುತ್ತಿದ್ದ. ಹೊಗೆ ತುಂಬಿದರೆ ಅವನು ಓಡುವ ಕಡೆ ನಾವೂ ಓಡಬೇಕಂತೆ, ಅದು ಆಮೇಲೆ ಮಾಲಾ ಹೇಳಿದ್ದು.

ಸಂಜೆ ಮಾಲಾ ತಲೆ ಚಚ್ಚಿಕೊಂಡಳು. "ನಾ ಊರ ಮಂದಿಗೆಲ್ಲ ದೀಪದ ನಿಯಮ ಹೇಳಾಕಿ. ನಮ್ಮವ್ವ ದೀಪಕ್ಕ ಸೀರಿ ಉಡಿಸ್ಯಾಳ!"

"ಉಡಿಸಿದ್ರ ಏನಾತು, ಅವಾ ಬರೇ ಮೈಲೇ ಓಡಾಕತ್ತಿದ್ದ" ಎಂದೆ.

ಮರುದಿನ ಐನೋ ಮತ್ತೆ ಬಂದಳು. ನನ್ನ ಕೋಟಿಗೆ ಒಂದು ಬಿಲ್ಲೆ ಕಟ್ಟಿದಳು. ಕತ್ತಲಲ್ಲಿ ಗಾಡಿಯ ಬೆಳಕು ಬಿದ್ದರೆ ಅದು ಹೊಳೆಯುತ್ತದೆ. ಅಲ್ಲಿ ಸಣ್ಣವರು ದೊಡ್ಡವರು ಎಲ್ಲರೂ ಕಟ್ಟಿಕೊಂಡೇ ನಡೆಯುತ್ತಾರೆ. ನಮ್ಮಲ್ಲಿ ಕಬ್ಬಿನ ಟ್ರ್ಯಾಕ್ಟರಿಗೇ ಹಿಂದಿನ ದೀಪ ಇರುವುದಿಲ್ಲ.

ಸಮುದ್ರದ ದಂಡೆ

ಒಂದು ಭಾನುವಾರ ಮಾಲಾ ದೂರದಿಂದ ಸ್ಥಾವರ ತೋರಿಸಿದಳು. ಸಮುದ್ರದ ದಂಡೆಯಲ್ಲಿ ಕಿಟಕಿ ಇಲ್ಲದ ದೊಡ್ಡ ಪೆಟ್ಟಿಗೆಗಳು. ಉಳಿದ ಕಡೆ ಸಮುದ್ರ ಹೆಪ್ಪುಗಟ್ಟಿತ್ತು. ಸ್ಥಾವರದ ಬಿಸಿ ನೀರು ಬೀಳುವ ಕಡೆ ಮಾತ್ರ ನೀರು ನೀರಾಗಿತ್ತು, ಬಿಳಿ ಹಕ್ಕಿಗಳೆಲ್ಲ ಅಲ್ಲಿಗೇ ಬಂದು ಕೂತಿದ್ದವು. ನಮ್ಮ ಸಕ್ಕರೆ ಕಾರ್ಖಾನೆ ಎರಡು ಹರದಾರಿ ದೂರದಿಂದ ಮೂಗಿಗೆ ಬಡಿಯುತ್ತದೆ. ಇಲ್ಲಿ ಹೊಗೆಯೂ ಇಲ್ಲ, ವಾಸನೆಯೂ ಇಲ್ಲ.

"ಬೆಂಕಿ ಎಲ್ಲೈತಿ?" ಎಂದೆ.

"ಅಣುವಿಂದು ಬ್ಯಾರೆ ಅವ್ವಾ, ಅದನ್ನ ಕಾಯಾಕ ಬ್ಯಾರೆ ಮಂದಿ ಅದಾರ. ನಾವು ಅಂಜೂದು ಸಾದಾ ಬೆಂಕಿಗೆ. ವಾಯರ್ ಸುಡತೈತಿ, ಎಣ್ಣಿಗಿ ಕಿಡಿ ಹತ್ತತೈತಿ. ಮನ್ಯಾಗ ಹತ್ತಿದಂಗ ಇಲ್ಲೂ ಹತ್ತತೈತಿ."

ಅದಕ್ಕೆ ಅಲ್ಲಿ ನಿಯಮವೋ ನಿಯಮ. ಮುಖ್ಯ ಕೆಲಸಕ್ಕೆ ಎರಡೆರಡು ಸಾಲು ವೈರು, ಬೇರೆ ಬೇರೆ ಕೋಣೆಯಲ್ಲಿ, ನಡುವೆ ದಪ್ಪ ಗೋಡೆ. ಒಂದು ಸುಟ್ಟರೆ ಇನ್ನೊಂದು ಬದುಕಬೇಕು. ಬಾಗಿಲು ತಾನೇ ಮುಚ್ಚಿಕೊಳ್ಳಬೇಕು, ಗಾಳಿ ಬರಲಿ ಎಂದು ಯಾರಾದರೂ ಅದಕ್ಕೆ ಕಲ್ಲು ಇಟ್ಟರೆ ಕೆಲಸ ಕಳೆದುಕೊಂಡ ಹಾಗೆ. ದಾರಿಯಲ್ಲಿ ಒಂದು ರಟ್ಟಿನ ಡಬ್ಬಿ ಇಡುವಂತಿಲ್ಲ. ದೀಪಗಳಿಗೆ ಅವುಗಳದೇ ಬ್ಯಾಟರಿ, ಆಗಾಗ ಆರಿಸಿ ಹಚ್ಚಿ ನೋಡಬೇಕು. ಯಂತ್ರ ನಡೆಸುವವರು ಕೂಡುವ ಕೋಣೆಯ ದೀಪ ಮಾತ್ರ ಎಲ್ಲಕ್ಕಿಂತ ಹೆಚ್ಚು ಹೊತ್ತು ಉರಿಯಬೇಕು. ಉಳಿದವರೆಲ್ಲ ಓಡಿದರೂ ಅವರು ಓಡುವಂತಿಲ್ಲವಂತೆ.

ಇಷ್ಟು ಹೇಳಿ ಮಾಲಾ ಕೈಗವಸು ತೆಗೆದಳು, ಹಾಕಿಕೊಂಡಳು, ಮತ್ತೆ ತೆಗೆದಳು. ನನ್ನ ಮಗಳು ಹಾಗೆ ಮಾಡಿದರೆ ಮನಸ್ಸಿನಲ್ಲಿ ಏನೋ ಇದೆ ಎಂದೇ ಅರ್ಥ. ಕೇಳಿದೆ. ಹೇಳಿದಳು.

ಒಳಗಿನ ದೂಳು ಹೊರಗೆ ಬರಬಾರದೆಂದು ಒಳಗೆ ಹೋಗುವ ದಾರಿಗೆ ಅಡ್ಡಲಾಗಿ ಮೊಣಕಾಲೆತ್ತರದ ಒಂದು ಕಟ್ಟೆ ಇರುತ್ತದೆ. ಈ ಕಡೆ ಕೂತು ನಿಮ್ಮ ಬೂಟು ಬಿಡಬೇಕು, ಕಾಲು ಎತ್ತಿ ಆ ಕಡೆ ಹಾಕಬೇಕು, ಅಲ್ಲಿ ಅವರ ಬೂಟು ಹಾಕಿಕೊಳ್ಳಬೇಕು. ಬೆಂಕಿ ಬಿದ್ದರೆ ಹೊರಗೆ ಹೋಗುವ ಬಾಗಿಲು ಬೇರೆ ಕಡೆಗಿದೆ. ಆದ್ದರಿಂದ ಕಟ್ಟೆಯ ಹತ್ತಿರ ಬ್ಯಾಟರಿ ದೀಪ ಬೇಕಿಲ್ಲ ಎಂದು ಅವಳ ಮೇಲಿನ ಸಾಹೇಬ ಯೂಹಾನಿ ನಕ್ಷೆ ಮಾಡಿಸಿದ್ದ. ಪುಸ್ತಕದ ನಿಯಮಕ್ಕೆ ಅಷ್ಟು ಸಾಕು. ಮಾಲಾ ಸಹಿ ಹಾಕಲಿಲ್ಲ.

"ಯಾಕ?"

"ಗಂಗವ್ವ ಚಿಗವ್ವನ ಕೈ ಮುರೀತಲ್ಲ ಅವ್ವಾ, ರಾಯಬಾಗದಾಗ ಒಂದ್ ಮದುವ್ಯಾಗ."

ನೆನಪಾಯಿತು. ಮಂಗಲ ಕಾರ್ಯಾಲಯದ ಮೀಟರ್ ಸುಟ್ಟು ಹೊಗೆ ಬಂದಿತ್ತು, ದೀಪ ಹೋಗಿತ್ತು. ಎರಡು ದೊಡ್ಡ ಬಾಗಿಲು ತೆರೆದಿದ್ದವು. ಜನ ಹೋದದ್ದು ಚಪ್ಪಲಿ ಬಿಟ್ಟ ಸಣ್ಣ ಬಾಗಿಲಿಗೆ. ಬೆಂಕಿಗೆ ಯಾರೂ ಸುಡಲಿಲ್ಲ, ಚಪ್ಪಲಿ ರಾಶಿಯ ಮೇಲೆ ಬಿದ್ದು ಗಂಗವ್ವನ ಮಣಿಕಟ್ಟು ಮುರಿಯಿತು.

ಇದನ್ನು ಮಾಲಾ ಕಂಪನಿಯಲ್ಲಿ ಹೇಳಿದಳಂತೆ. ಯೂಹಾನಿ ಕೇಳಿ, ಇದು ನಿಮ್ಮೂರಿನ ಮದುವೆಯಲ್ಲ, ಇಲ್ಲಿ ಜನಕ್ಕೆ ತರಬೇತಿ ಕೊಟ್ಟಿದೆ ಎಂದನಂತೆ. ಹೊರಗಿನ ತಪಾಸಣೆಯವರ ಮುಂದೆ ಪರೀಕ್ಷೆ ನಡೆಸುವುದೆಂದಾಯಿತು. ಕಂಪನಿಯ ಷೆಡ್ಡಿನಲ್ಲಿ ಸ್ಥಾವರದ ಒಂದು ಭಾಗವನ್ನೇ ಕಟ್ಟಿದ್ದರು, ಕಟ್ಟೆ, ದಾರಿ, ಬಾಗಿಲು, ಎಲ್ಲ. ಹನ್ನೆರಡು ಜನರನ್ನು ಒಳಗೆ ಬಿಟ್ಟು ದೀಪ ಆರಿಸುವುದು. ಯಾರೂ ಕಟ್ಟೆಯ ಕಡೆ ಹೋಗದಿದ್ದರೆ ಮಾಲಾ ಹೇಳಿದ್ದು ಸುಳ್ಳು, ಈ ಕೆಲಸಕ್ಕೆ ಅವಳು ಬೇಡ. ಕಾರಣವಿಲ್ಲದೆ ಕೆಲಸ ನಿಲ್ಲಿಸುವವಳು ಎಂಬ ಹೆಸರು ಒಮ್ಮೆ ಬಂದರೆ ಆ ಧಂದೆಯಲ್ಲಿ ಮತ್ತೆ ಯಾರೂ ಬಾಗಿಲು ತೆರೆಯುವುದಿಲ್ಲ.

"ಭಾಷಾ ಬರಲಾರದವರೂ ಒಬ್ಬರು ಬೇಕಂತ. ನಿಮ್ಮವ್ವನ್ನ ಕರ್ಕೊಂಡ್ ಬಾ ಅಂದಾನ" ಎಂದಳು. "ಅವ್ವಾ, ನೀ ಮಾತ್ರ ಹಸರ ದೀಪ ನೋಡ್ಕೊಂತ ಹೋಗು. ನೀ ಕಟ್ಟಿಗಿ ಹೋದ್ರ ನಾ ಕಲಿಸಿ ಕಳಿಸೇನಿ ಅಂತಾರ. ಆಣಿ ಮಾಡು."

ನಮ್ಮ ದೇವಿ ಚಿಂಚಲಿ ಮಾಯವ್ವನ ಆಣೆ ಮಾಡಿದೆ.

ಷೆಡ್ಡು

ಆ ದಿನ ನಾನು ಅವರ ಬೂಟು ಹಾಕಿಕೊಳ್ಳಲಿಲ್ಲ. ಈ ಪ್ರವಾಸಕ್ಕೆಂದೇ ನಾನೇ ಒಂದು ಜೋಡಿ ಹೊಲಿದಿದ್ದೆ, ಎರಡು ಪದರದ ಅಟ್ಟೆ, ಮೇಲೆ ಏಳು ಎಳೆಯ ಜಡೆ. ಉಂಗುಟದ ಕುಣಿಕೆಯೊಳಗೆ ಹೆಬ್ಬೆರಳು ಹೋಗಲೆಂದು ಉಣ್ಣೆಯ ಕಾಲುಚೀಲವನ್ನು ಬೆರಳಿನ ನಡುವೆ ಕತ್ತರಿಸಿ ಹೊಲಿದುಕೊಂಡಿದ್ದೆ. ಸ್ಥಾವರ ಗೊತ್ತಿಲ್ಲದವರೂ ಬೇಕೆಂದು ಐನೋಳನ್ನೂ ಪರೀಕ್ಷೆಗೆ ಕರೆದಿದ್ದರು, ಉಳಿದವರು ಕಂಪನಿಯವರೇ. ನನ್ನ ಪಾದ ನೋಡಿ ಮೊದಲ ಬಾರಿ ನಕ್ಕಳು.

ಯೂಹಾನಿ ಎಂಟಡಿ ಎತ್ತರದ ಗಂಡಸು, ಬಾಗಿ ಬಾಗಿ ನಡೆಯುತ್ತಿದ್ದ. ಎಲ್ಲರಿಗೂ ಹೇಳಿದ, ಮಾಲಾ ನನಗೆ ಹೇಳಿದಳು. ಗಂಟೆ ಬಾರಿಸಿದರೆ ಎಲ್ಲ ಬಿಟ್ಟು ಹಸಿರು ದೀಪದ ಹಿಂದೆ ಹೋಗಿ. ಏನನ್ನೂ ತೆಗೆದುಕೊಳ್ಳಬೇಡಿ. ಹನ್ನೆರಡು ತಲೆ ಆಡಿದವು. ನನ್ನದೂ ಆಡಿತು.

ಕಟ್ಟೆಯ ಮೇಲೆ ಕೂತೆವು. ನಾನು ಚಪ್ಪಲಿ ಬಿಟ್ಟೆ, ಅವರು ಬೂಟು ಬಿಟ್ಟರು, ಕಾಲು ಎತ್ತಿ ಆ ಕಡೆ ಹಾಕಿದೆವು. ಅವರು ಕೊಟ್ಟ ತೆಳು ಬೂಟು ಹಾಕಿಕೊಂಡು ಒಳಗೆ ಒಂದು ಕೋಣೆಯಲ್ಲಿ ಕೂತೆವು. ಮಾಲಾ ಹೊರಗೆ ಯೂಹಾನಿಯ ಹತ್ತಿರ, ತಪಾಸಣೆ ಮಾಡುವ ಹೆಣ್ಣುಮಗಳ ಹತ್ತಿರ ನಿಂತಿದ್ದಳು. ಕತ್ತಲಲ್ಲೂ ಕಾಣುವ ಕ್ಯಾಮರಾ ಇತ್ತಂತೆ.

ಗಂಟೆ ಬಾರಿಸಿತು. ದೀಪ ಹೋಯಿತು. ನಾಟಕದಲ್ಲಿ ಬಿಡುವಂಥ ಬಿಳಿ ಹೊಗೆ ಬಿಟ್ಟರು.

ಹಸಿರು ಪೆಟ್ಟಿಗೆಯ ಮನುಷ್ಯ ಎಡಗಡೆ ಓಡುತ್ತಿದ್ದ. ಚೆನ್ನಾಗಿಯೇ ಕಂಡ. ಅವನ ಕಡೆ ನಾಲ್ಕು ಹೆಜ್ಜೆ ಹಾಕಿದೆ. ಆಮೇಲೆ ಏನಾಯಿತು ಎಂದು ನನ್ನನ್ನು ಕೇಳಬೇಡಿ. ಕಾಲು ತಿರುಗಿದವು. ನನಗೆ ಮಗಳು ನೆನಪಾಗಲಿಲ್ಲ, ದೇವಿ ನೆನಪಾಗಲಿಲ್ಲ. ಏಳು ಎಳೆಯ ಜಡೆ ನೆನಪಾಯಿತು. ಬೇರೆಯವರ ಚಪ್ಪಲಿ ಹೊಲಿದು ಹೊಲಿದು ಕಣ್ಣು ಹೋದವು, ನನಗಾಗಿ ಹೊಲಿದುಕೊಂಡ ಜೋಡಿ ಎಷ್ಟು? ಇವರ ತೆಳು ಬೂಟಿನಲ್ಲಿ ಹಿಮದಲ್ಲಿ ಹೋಗಿ ನಿಲ್ಲುವುದು ಹೇಗೆ?

ಕಟ್ಟೆಯ ಹತ್ತಿರ ದೀಪವಿಲ್ಲ, ಎಮ್ಮೆಯ ಹೊಟ್ಟೆಯೊಳಗಿನ ಕತ್ತಲೆ. ಮೊಣಕಾಲು ಕಟ್ಟೆಗೆ ಬಡಿಯಿತು. ಕೂತೆ, ಆ ಕಡೆ ಬಗ್ಗಿ ಕೈಯಾಡಿಸಿದೆ. ಬೂಟು, ಬೂಟು, ಬೂಟು. ಸಿಕ್ಕಿತು. ನಾನು ಹೊಲಿದದ್ದು ನನ್ನ ಬೆರಳಿಗೆ ಗೊತ್ತು. ಅದು ಕೈಗೆ ಬಂದಾಗ ಆಣೆ ನೆನಪಾಯಿತು. ಒಂದು ಜೋಡಿ ಚಪ್ಪಲಿಗಾಗಿ ಮಗಳ ಕೆಲಸಕ್ಕೆ ನೀರು ಬಿಟ್ಟೆನಲ್ಲ ಎನಿಸಿತು. ಎರಡನೆಯದನ್ನು ಹುಡುಕದೆ ಏಳಬೇಕೆಂದು ಪಕ್ಕಕ್ಕೆ ಕೈ ಊರಿದೆ.

ಕೈಗೆ ಒಂದು ತಲೆ ಸಿಕ್ಕಿತು. ಬೋಳು ತಲೆ, ಬೆಚ್ಚಗಿತ್ತು.

"ಯಾರೋ ಅದು!" ಎಂದು ಕಿರುಚಿದೆ.

ತಲೆ ಮಾತಾಡಲಿಲ್ಲ. ಇನ್ನೊಂದು ಕಡೆಯಿಂದ ಯಾರೋ ನನ್ನ ಕಾಲು ತುಳಿದರು. ಅವರೂ ಮಾತಾಡಲಿಲ್ಲ. ನಮ್ಮ ಮಂದಿ ಆಗಿದ್ದರೆ "ಲೇ, ನನ್ನ ಚಪ್ಲಿ ಬಿಡಲೇ" ಎಂದು ಷೆಡ್ಡು ಹಾರಿಹೋಗುವಷ್ಟು ಗದ್ದಲ ಆಗುತ್ತಿತ್ತು. ಅವರು ಸತ್ತರೂ ಬಾಯಿ ಬಿಡುವ ಜಾತಿಯಲ್ಲ. ಸುತ್ತಲೂ ಬರೀ ಉಸಿರಾಟ, ಬರೀ ಬೂಟು ಎಳೆಯುವ ಸದ್ದು. ನಾನೊಬ್ಬಳೇ ಎಂದುಕೊಂಡಿದ್ದೆ, ಅಲ್ಲಿ ಸಂತೆ ಸೇರಿತ್ತು.

ತಪಾಸಣೆಯವಳು ಸಾಕು ಎಂದಳು. ದೀಪ ಹಾಕಿದರು.

ಎಂಟು ಜನ ಇದ್ದೆವು, ಕಟ್ಟೆಯ ಮೇಲೆ, ಕೆಳಗೆ, ಮೊಣಕಾಲೂರಿ. ಐನೋ ನನಗಿಂತ ಮುಂಚೆಯೇ ಬಂದು ಒಂದು ಬೂಟು ಹಾಕಿಕೊಂಡಿದ್ದಳು. ಬೋಳು ತಲೆಯವನು ಎರಡು ಕೈಯಲ್ಲಿ ಎರಡು ಬೂಟು ಹಿಡಿದಿದ್ದ. ನಾನು ನೋಡಿದೆ, ಎರಡೂ ಎಡಗಾಲಿನವು. ಅವನು ಯಾರೆಂದು ಆಮೇಲೆ ತಿಳಿಯಿತು. ಇಪ್ಪತ್ತು ವರ್ಷದಿಂದ ಬೆಂಕಿಯ ತರಬೇತಿ ಕೊಡುವ ಮಾಸ್ತರ ಅವನೇ.

ಕಟ್ಟೆ

ಯೂಹಾನಿ ಕೆಂಪಾಗಿ ಬಂದ. ನನ್ನ ಕಡೆ ಬೆರಳು ಮಾಡಿ ಏನೋ ಅಂದ. ಮಾಲಾ ಅವನ ಹಿಂದೆಯೇ ಬಂದಳು.

"ಏನಂತಾನ?"

"ನಾ ನಿನಗ ಕಲಿಸೇನಿ ಅಂತಾನ. ನಿನ್ನ ಲೆಕ್ಕಕ್ಕ ಹಿಡಿಬಾರದಂತ."

"ಖರೇನ ಐತಿ, ಹಿಡಿಬ್ಯಾಡ್ರಿ ಅನ್ನು. ನನ್ನ ತಪ್ಪ. ಆಣಿ ಮಾಡಿ ಬಂದಾಕಿ ನಾ. ಆದ್ರ ಈ ಬೋಳ ಮಾಸ್ತರಗ ಯಾರ ಕಲಿಸ್ಯಾರ, ಅದನ್ನ ಕೇಳು."

ಮಾಲಾ ಇದ್ದದ್ದು ಇದ್ದ ಹಾಗೆ ತಿಳಿಸಿದಳು. ತಪಾಸಣೆಯವಳು ಕಾಗದದ ಮೇಲೆ ನನ್ನ ಹೆಸರಿಗೆ ಗೀಟು ಹಾಕಿದಳು. ಆಮೇಲೆ ಉಳಿದವರನ್ನು ಬೆರಳು ಮಡಚಿ ಎಣಿಸಿದಳು. ಹನ್ನೊಂದರಲ್ಲಿ ಏಳು ಕಟ್ಟೆಯ ಹತ್ತಿರ, ನಾಲ್ಕು ಮಾತ್ರ ಹೊರಗೆ. ಹೊರಗೆ ಹೋದ ನಾಲ್ವರೂ ತೆಳು ಬೂಟಿನಲ್ಲಿ ಹಿಮದ ಮೇಲೆ ಕುಣಿಯುತ್ತಾ, ಒಳಗೆ ಬಿಡಿ ಎಂದು ಬಾಗಿಲು ಬಡಿಯುತ್ತಿದ್ದರು.

ಮಾಸ್ತರನನ್ನು ಕೇಳಿದರು, ನೀನು ಯಾಕೆ ಹೋದೆ ಎಂದು. ಅವನು ಕೈಯಲ್ಲಿದ್ದ ಎರಡು ಎಡ ಬೂಟು ನೋಡಿಕೊಂಡ. ಹೊರಗೆ ಹಿಮ ಇದೆ ಎಂದ. ಅಷ್ಟೇ.

"ಮಾಲಾ, ಇವರಿಗೆಲ್ಲ ಹೇಳು" ಎಂದೆ. "ಮಂದಿ ಎಲ್ಲಿ ಹೋಗಬೇಕು ಅಂತ ಪುಸ್ತಕದಾಗ ಬರಕೋರಿ. ದೀಪ ಮಾತ್ರ ಮಂದಿ ಎಲ್ಲಿ ಹೋಗತಾರ ಅಲ್ಲೂ ಹಚ್ಚರಿ. ಇಲ್ಲಂದ್ರ ಅಲ್ಲಿ ಬೂಟ್ ಕೊಡರಿ."

ತಪಾಸಣೆಯವಳು ಎರಡನ್ನೂ ಬರೆದುಕೊಂಡಳು. ಕಟ್ಟೆಯ ಮೇಲೆ ದೀಪ. ಹೊರಬಾಗಿಲ ಹತ್ತಿರ ಬೂಟಿನ ಪೆಟ್ಟಿಗೆ, ಕಂಬಳಿ. ಮಾಲಾ ಕೇಳಿದ್ದು ಒಂದು, ಸಿಕ್ಕದ್ದು ಎರಡು.

ಯೂಹಾನಿ ಬಂದು ಕಟ್ಟೆಯ ಮೇಲೆ ನನ್ನ ಪಕ್ಕದಲ್ಲೇ ಕೂತ. ನಮ್ಮ ಕಡೆ ನಾವು ಹೊಲಿದ ಚಪ್ಪಲಿ ಬೇಕು, ನಮ್ಮನ್ನು ಕಟ್ಟೆಯ ಮೇಲೆ ಕೂಡಿಸುವುದು ಬೇಡ ಎನ್ನುವ ಮನೆಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಇವನು ಕೂತು, ಎಲ್ಲರೂ ಕೇಳುವ ಹಾಗೆ ಮಾಲಾಗೆ ಒಂದು ಮಾತು ಹೇಳಿದ.

"ಏನಂದ?"

"ತಪ್ಪು ನಂದ, ನೀ ಹೇಳಿದ್ದ ಖರೆ ಅಂದ."

"ಅಷ್ಟ ಸಣ್ಣ ಮಾತಿನ್ಯಾಗ?"

"ಇವರದು ಅಷ್ಟ ಅವ್ವಾ. ಇದು ಇವರಿಗೆ ಭಾಷಣ."

ಆಮೇಲೆ ಅವನು ನನ್ನ ಚಪ್ಪಲಿ ಕೈಗೆ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದ. ಹೊಲಿಗೆಯ ಮೇಲೆ ಹೆಬ್ಬೆರಳು ಎಳೆದ. ಕೆಲಸ ಬಲ್ಲವನು ಹಾಗೆ ನೋಡುತ್ತಾನೆ. ಇವನೂ ಕೆಲಸ ಬಲ್ಲವನೇ, ದೀಪದ ಕೆಲಸ. ಕಾಲಿನದು ಗೊತ್ತಿರಲಿಲ್ಲ. ಎಲ್ಲರಿಗೂ ಕಾಫಿ ತರಿಸಿದ. ಮಾಸ್ತರ ಎರಡು ಲೋಟ ಕುಡಿದ, ಯಾರ ಮುಖವನ್ನೂ ನೋಡಲಿಲ್ಲ. ನಾನು ಅವನ ಬೋಳು ತಲೆಯ ಮೇಲೆ ಮತ್ತೊಮ್ಮೆ ಕೈಯಿಟ್ಟೆ. ಆಗ ಇಡೀ ಷೆಡ್ಡು ನಕ್ಕಿತು. ಆ ದೇಶದಲ್ಲಿ ಅಷ್ಟು ಜನ ಕೂಡಿ ನಕ್ಕದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಮನೆಗೆ ಬಂದು ಮಾಲಾ ಬೂಟು ಬಿಡದೆ ಒಳಗೆ ನಡೆದಳು. ಬೈದೆ. ಬೈಸಿಕೊಂಡು ನಕ್ಕಳು, ಕೂತಲ್ಲೇ ನಾಲ್ಕು ಜೋಳದ ರೊಟ್ಟಿ ತಿಂದಳು. ಹದಿನೈದು ದಿನದಿಂದ ಅವಳು ಒಂದರ ಮೇಲೆ ತಿಂದಿರಲಿಲ್ಲ. ನಾನು ರೊಟ್ಟಿ ಬಡಿಯುತ್ತಾ ಹೋದೆ, ಅವಳು ತಿನ್ನುತ್ತಾ ಹೋದಳು.

ಮರುದಿನ ಬೆಳಿಗ್ಗೆ ಅವಳ ಜೊತೆ ನಾನೂ ಷೆಡ್ಡಿಗೆ ಹೋದೆ. ನನ್ನ ತಲೆಗೂ ಒಂದು ಹಳದಿ ಟೊಪ್ಪಿಗೆ ಹಾಕಿಸಿದರು. ಕೆಲಸಗಾರ ಹೊಸ ದೀಪ ಹಿಡಿದು ಕಟ್ಟೆಯ ಪಕ್ಕ ಏಣಿ ಹತ್ತಿದ. ನಾನು ಏಣಿ ಹಿಡಿದೆ. ಬೇಕಿಲ್ಲ ಎಂದು ಮೇಲಿನಿಂದ ಕೈ ಆಡಿಸಿದ. ಬೇಕೋ ಬೇಡವೋ ನನಗೆ ಗೊತ್ತು, ಎರಡೂ ಕೈಯಿಂದ ಹಿಡಿದೆ. ಅವನು ತಿರುಪು ಬಿಗಿದ. ಯೂಹಾನಿ ದೊಡ್ಡ ಕರೆಂಟು ತೆಗೆದ. ಷೆಡ್ಡೆಲ್ಲ ಕಪ್ಪಾಯಿತು, ಆ ಒಂದು ದೀಪ ಉರಿಯಿತು, ಕಟ್ಟೆಯೂ ಕೆಳಗಿನ ಬೂಟುಗಳೂ ಒಂದೊಂದಾಗಿ ಕಂಡವು. ಅದರ ಬೆಳಕಿನಲ್ಲೇ ಮಾಲಾ ಕಟ್ಟೆಯ ಮೇಲೆ ತಿದ್ದಿದ ನಕ್ಷೆ ಹರಡಿ ಸಹಿ ಮಾಡಿದಳು. ಆಮೇಲೆ ನಾನು ಏಣಿ ಬಿಟ್ಟೆ.